ಅವಳು ನೋಡದ ಆಟ

ಮಂಡ್ಯದಲ್ಲಿ ನಾವು ಹುಡುಗಿಯರು ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದ ಸಿಮೆಂಟಿನ ಕೋರ್ಟು ಬೇಸಿಗೆಯಲ್ಲಿ ಕಾದ ಹೆಂಚಾಗುತ್ತಿತ್ತು. ತಂಡದಲ್ಲಿ ನಾನೇ ಕುಳ್ಳಿ, ಆದ್ದರಿಂದ ನಾನು ಗಾರ್ಡ್. ಎತ್ತರದವರೆಲ್ಲ ರಿಂಗಿನ ಬುಡದಲ್ಲಿ ಕೈಚಾಚಿ ನಿಂತರೆ, ಚೆಂಡನ್ನು ಹಿಂದಿನಿಂದ ತಂದು, ಯಾರಿಗೆ ಯಾವಾಗ ಕೊಡಬೇಕೆಂದು ನೋಡಿ ಕೊಡುವುದು ಗಾರ್ಡಿನ ಕೆಲಸ. ಮದುವೆಮನೆಯಲ್ಲಿ ಬಡಿಸುವವರ ಹಾಗೆ ಪಂಕ್ತಿಯ ತುಂಬ ಕಣ್ಣಿರಬೇಕು. ಜಿಲ್ಲೆಯ ತಂಡಕ್ಕೆ ಆಡಿದೆ, ಅಷ್ಟರಲ್ಲಿ ಮೈಸೂರಿನ ಮೆಡಿಕಲ್ ಕಾಲೇಜಿನಲ್ಲಿ ಸೀಟು ಸಿಕ್ಕಿತು, ಆಟ ಅಲ್ಲಿಗೆ ನಿಂತಿತು. ಅದಕ್ಕಾಗಿ ನಾನೇನೂ ಕೊರಗಲಿಲ್ಲ. ಆದರೆ ಎಲ್ಲೇ ಚೆಂಡು ಪುಟಿಯುವ ಸದ್ದು ಕೇಳಿದರೂ ಕತ್ತು ತಾನಾಗಿ ಆ ಕಡೆ ತಿರುಗುತ್ತಿತ್ತು.

ಇಂಗ್ಲೆಂಡಿಗೆ ಬಂದ ಮೇಲೆ ಲೀಡ್ಸ್ ನಗರದಲ್ಲಿ ನಾವು ಮನೆ ತೆಗೆದುಕೊಂಡದ್ದು ಹೆಡಿಂಗ್ಲೀಯಲ್ಲಿ. ಕ್ರಿಕೆಟ್ ಮೈದಾನಕ್ಕೆ ನಡೆದೇ ಹೋಗಬಹುದು ಎಂಬ ಒಂದೇ ಕಾರಣಕ್ಕೆ ನನ್ನ ಗಂಡ ಆ ಇಕ್ಕಟ್ಟಿನ ಮನೆಗೆ ಮಾರ್ಟ್‌ಗೇಜ್ ಸಾಲ ಮಾಡಿದರು ಎಂಬುದು ನನ್ನ ಗುಮಾನಿ. ಅವರು ಬೆಳಗಿನ ರೈಲು ಹಿಡಿದು ಮ್ಯಾಂಚೆಸ್ಟರ್ ಬಳಿಯ ಮೀಡಿಯಾಸಿಟಿಯ ತಮ್ಮ ಸಾಫ್ಟ್‌ವೇರ್ ಕೆಲಸಕ್ಕೆ ಹೋಗುತ್ತಿದ್ದರು, ನಾನು ಬಸ್ಸಿನಲ್ಲಿ ಆಸ್ಪತ್ರೆಗೆ. ಆಪರೇಷನ್ ಥಿಯೇಟರಿನಲ್ಲಿ ರೋಗಿಗಳಿಗೆ ಅನಸ್ತೇಷಿಯಾ ಕೊಡುವುದು ನನ್ನ ವೃತ್ತಿ. ಮಲಗಿಸುವುದು ಸುಲಭ, ಎಬ್ಬಿಸುವುದೇ ಕಷ್ಟ ಎಂದು ನಾನು ಕಿರಿಯ ಡಾಕ್ಟರುಗಳನ್ನು ಹೆದರಿಸುತ್ತಿದ್ದೆ. ನನ್ನ ನಾಲಿಗೆ ಸ್ವಲ್ಪ ಚುರುಕು ಎಂದು ಆಸ್ಪತ್ರೆಯಲ್ಲಿ ಹೆಸರಿತ್ತು, ಮನೆಯಲ್ಲಿ ಅದನ್ನು ಇನ್ನೂ ನೇರವಾಗಿ ಹೇಳುತ್ತಿದ್ದರು.

ಒಂದು ಸಂಜೆ ಮಗಳನ್ನು ಕರೆದುಕೊಂಡು ಬರಲು ಅವಳ ಸ್ಕೂಲಿಗೆ ಹೋದೆ. ಸ್ಕೂಲ್ ಮುಗಿದ ಮೇಲೆ ಮಕ್ಕಳಿಗೆ ಬ್ಯಾಸ್ಕೆಟ್‌ಬಾಲ್ ಹೇಳಿಕೊಡುವ ಕ್ಲಬ್ ಶುರುವಾಗಿ ಆಗಿನ್ನೂ ಕೆಲವೇ ದಿನಗಳಾಗಿದ್ದವು. ಒಳಗಿನಿಂದ ಸದ್ದು ಕೇಳಿದ್ದೇ ತಡ, ಬಾಗಿಲು ತಳ್ಳಿಕೊಂಡು ಹೋಗಿ ನಿಂತೆ. ಕಲಿಸುತ್ತಿದ್ದವನು ಹೆಚ್ಚುಕಡಿಮೆ ನನ್ನಷ್ಟೇ ಎತ್ತರದ ಮನುಷ್ಯ, ವಯಸ್ಸು ಮೂವತ್ತೈದು ದಾಟಿರಬೇಕು, ಬಲ ಮೊಣಕಾಲಿಗೆ ದಪ್ಪನೆಯ ಪಟ್ಟಿ. ಮುಖ ನೋಡಿ ಫಿಲಿಪೀನ್ಸಿನವನೆಂದು ಗೊತ್ತಾಯಿತು. ನಮ್ಮ ಆಸ್ಪತ್ರೆಯ ಅರ್ಧದಷ್ಟು ನರ್ಸುಗಳು ಆ ದೇಶದವರೇ.

ಆತ ಒಬ್ಬ ಹುಡುಗನ ಷೂ ಲೇಸನ್ನು ತೋರಿಸಿ ಏನೋ ಹೇಳುತ್ತ, ಅವನನ್ನೇ ನೋಡುತ್ತ, ಕೈಯಲ್ಲಿದ್ದ ಚೆಂಡನ್ನು ಬೆನ್ನ ಹಿಂದಿನಿಂದ ಬಿಟ್ಟ. ನೆಲಕ್ಕೆ ಒಮ್ಮೆ ತಾಗಿ, ಇಬ್ಬರು ಮಕ್ಕಳ ನಡುವೆ ನುಸುಳಿ, ಅದು ನನ್ನ ಮಗಳ ಅಂಗೈಗೆ ಬಂದು ಕೂತಿತು. ಮಗಳು ಆಗ ಛಾವಣಿ ನೋಡುತ್ತಿದ್ದಳು. ಚೆಂಡು ಬಂದದ್ದು ಅವಳಿಗೆ ತಿಳಿದದ್ದೇ ಅದು ಕೈಯಲ್ಲಿದ್ದಾಗ. ನನಗೆ ಮೈ ಜುಂ ಎಂದಿತು. ಮೆತ್ತಗೆ ಬೇಕೆಂದು ಮೆತ್ತಗೆ, ಅವಳ ಕೈ ಎಲ್ಲಿದೆಯೋ ಅಲ್ಲಿಗೇ, ನೋಡದೆ ಕೊಟ್ಟ ಪಾಸ್ ಅದು. ಅಂಥದ್ದನ್ನು ನಾನು ಟೀವಿಯಲ್ಲಿ ಕಂಡಿದ್ದೆ. ಮಕ್ಕಳ ಟಿಫನ್ ಬಾಕ್ಸುಗಳ ವಾಸನೆ ಹೊಡೆಯುವ ಸ್ಕೂಲ್ ಹಾಲಿನಲ್ಲಿ ಕಾಣುತ್ತೇನೆಂದು ಎಣಿಸಿರಲಿಲ್ಲ.

ಮರುದಿನ ರಿಕವರಿ ಕೋಣೆಯಲ್ಲಿ, ಆಪರೇಷನ್ ಮುಗಿದವರು ಎಚ್ಚರವಾಗುವ ತನಕ ಕಾಯುವ ಆ ಜಾಗದಲ್ಲಿ, ಈ ಸಂಗತಿಯನ್ನು ಅಲ್ಲಿನ ನರ್ಸಿಗೆ ಹೇಳಿದೆ. ಅವಳು ಫಿಲಿಪೀನ್ಸಿನವಳು, ನನ್ನ ಜೊತೆ ಹಲವು ವರ್ಷ ಕೆಲಸ ಮಾಡಿದವಳು. ರೋಗಿಯ ಉಸಿರು ಕೆಡುವುದು ಯಂತ್ರ ಕೂಗುವ ಮುಂಚೆಯೇ ಅವಳಿಗೆ ಗೊತ್ತಾಗುತ್ತಿತ್ತು. ನಾನು ಕೈ ಆಡಿಸಿ ಆ ಪಾಸನ್ನು ವರ್ಣಿಸುತ್ತಿದ್ದರೆ ಅವಳು ರೋಗಿಯ ಹೊದಿಕೆ ಸರಿಮಾಡುತ್ತಲೇ ಇದ್ದಳು.

"ಅವರು ನಮ್ಮ ಮನೆಯವರು, ಡಾಕ್," ಎಂದಳು.

ನಾವು ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ. ಡಾಕ್ಟರನ್ನು 'ಡಾಕ್' ಎನ್ನುವುದು ಅವರೆಲ್ಲರ ರೂಢಿ. ಅದರಲ್ಲಿ ಸಲಿಗೆಯೂ ಇರುತ್ತಿತ್ತು, ಮರ್ಯಾದೆಯೂ.

ಆತನ ಕತೆಯನ್ನು ಅವಳು ಹೇಳಿದ್ದು ಕಡಿಮೆ, ಉಳಿದ ನರ್ಸುಗಳು ಹೇಳಿದ್ದೇ ಹೆಚ್ಚು. ಫಿಲಿಪೀನ್ಸಿನಲ್ಲಿ ಬ್ಯಾಸ್ಕೆಟ್‌ಬಾಲ್ ಎಂದರೆ ನಮಗೆ ಕ್ರಿಕೆಟ್ ಇದ್ದಂತೆ, ಅಥವಾ ಅದಕ್ಕಿಂತ ಒಂದು ಕೈ ಹೆಚ್ಚು. ಓಣಿಗೊಂದು ರಿಂಗು. ಆತ ಬಂದರಿನ ಊರೊಂದರ ಮೀನುಗಾರನ ಮಗ, ತೆಂಗಿನ ಮರಕ್ಕೆ ಮೊಳೆ ಹೊಡೆದ ರಿಂಗಿನಲ್ಲಿ ರಬ್ಬರ್ ಚಪ್ಪಲಿ ಹಾಕಿಕೊಂಡು ಕಲಿತವನು. ಆಟದ ಬಲದಿಂದಲೇ ಮನಿಲಾದ ಕಾಲೇಜಿನಲ್ಲಿ ಸೀಟು, ಅಲ್ಲಿಂದ ಅವರ ದೇಶದ ದೊಡ್ಡ ಲೀಗು. ಅಲ್ಲಿನ ತಂಡಗಳಿಗೆ ಊರಿನ ಹೆಸರಿಲ್ಲವಂತೆ, ಕಂಪನಿಗಳ ಹೆಸರು. ಹೀಗಾಗಿ ಆತ ಒಮ್ಮೆ ಬಿಯರಿಗೆ ಆಡಿದ, ಒಮ್ಮೆ ನೂಡಲ್ಸಿಗೆ, ಕೊನೆಗೆ ಪೆಟ್ರೋಲಿಗೆ. ಇದನ್ನು ಕೇಳಿ ನಾನು ನಕ್ಕರೆ ಸ್ಟಾಫ್ ರೂಮಿನಲ್ಲಿ ಯಾರೂ ನಗಲಿಲ್ಲ. ಅವರಿಗೆ ಅದು ನಗುವ ವಿಷಯವೇ ಅಲ್ಲ.

ಹೆಸರು ಉತ್ತುಂಗದಲ್ಲಿದ್ದಾಗ, ಚಾಂಪಿಯನ್‌ಷಿಪ್ಪಿನ ಕೊನೆಯ ಪಂದ್ಯದಲ್ಲಿ, ಆತನ ಮೊಣಕಾಲಿನ ಲಿಗಮೆಂಟ್ ಹರಿಯಿತು. ಮುಗಿಯಿತು ಎಂದರು. ಆತ ಮತ್ತೆ ಬಂದ. ಮೊದಲಿನಂತೆ ಹಾರಲಾಗುತ್ತಿರಲಿಲ್ಲ, ಹಾರದೆಯೇ ಆಡುವುದನ್ನು ಹೊಸದಾಗಿ ಕಲಿತ. ಬೆಂಚಿನ ಮೇಲೆ ಕೂತು, ತಂಡದಿಂದ ತಂಡಕ್ಕೆ ಹೋಗಿ, ಇನ್ನೂ ಹಲವು ಸೀಸನ್ ಆಡಿದ. ಕೊನೆಗೆ ಯಾವ ತಂಡವೂ ಕರೆಯದಿದ್ದಾಗ ಹೆಂಡತಿಯ ವೀಸಾದ ಮೇಲೆ ಇಂಗ್ಲೆಂಡಿಗೆ ಬಂದ. ಇಲ್ಲಿ ಸುಮ್ಮನಿರಲಾರದೆ ಊರಿನ ಕ್ಲಬ್ಬೊಂದರ ಬಾಗಿಲು ತಟ್ಟಿದ. ಅವರು ಈ ಕುಳ್ಳನನ್ನು ನೋಡಿ, ಆಡಿಸಿ ನೋಡಿ, ಆ ದಿನವೇ ಸೇರಿಸಿಕೊಂಡರು. ಈ ದೇಶದಲ್ಲಿ ಬ್ಯಾಸ್ಕೆಟ್‌ಬಾಲಿಗೆ ಹೇಳಿಕೊಳ್ಳುವಂಥ ಸಂಬಳವಿಲ್ಲ. ಆದ್ದರಿಂದ ಆಟಗಾರರು ವಾರದ ದಿನಗಳಲ್ಲಿ ಸ್ಕೂಲುಗಳಿಗೆ ಹೋಗಿ ಕಲಿಸಬೇಕಿತ್ತು.

ಆಸ್ಪತ್ರೆಯ ಫಿಲಿಪಿನೋ ಮಂದಿ, ಆತನಿಗಿಂತ ಹಿರಿಯರೂ ಸೇರಿ, ಆತನನ್ನು 'ಕುಯಾ' ಎನ್ನುತ್ತಿದ್ದರು. ಅಂದರೆ ನಮ್ಮ ಅಣ್ಣ. ಹೆಂಡತಿಗೆ ಊಟದ ಡಬ್ಬಿ ಕೊಡಲು ಆತ ಬಂದ ದಿನ ಆ ಕಾರಿಡಾರಿನಲ್ಲಿ ಗಂಡಸರು ಬೆನ್ನು ನೆಟ್ಟಗೆ ಮಾಡಿಕೊಂಡು ನಿಲ್ಲುತ್ತಿದ್ದರು. ಆತ ಮಾತ್ರ ತಲೆ ತಗ್ಗಿಸಿ, ಡಬ್ಬಿ ಕೊಟ್ಟು, ಎರಡು ಮಾತೂ ಆಡದೆ ಹೋಗಿಬಿಡುತ್ತಿದ್ದ.

ನಾನು ಮಗಳನ್ನು ಕರೆದುಕೊಂಡು ಆತನ ಪಂದ್ಯ ನೋಡಲು ಹೋದೆ. ನನ್ನ ಗಂಡ "ಕ್ರಿಕೆಟ್ ಊರಲ್ಲಿದ್ಕೊಂಡು ಇದೇನು ಹುಚ್ಚು" ಎಂದು ಗೊಣಗಿ ಮನೆಯಲ್ಲಿ ಉಳಿದರು. ಅದು ನಗರದ ಅಂಚಿನ ಒಂದು ಲೀಷರ್ ಸೆಂಟರ್. ಪಕ್ಕದ ಈಜುಕೊಳದ ಕ್ಲೋರಿನ್ ವಾಸನೆ ಇಲ್ಲಿಗೂ ಬರುತ್ತಿತ್ತು. ನೆಲದ ಮೇಲೆ ಬ್ಯಾಡ್ಮಿಂಟನ್, ವಾಲಿಬಾಲ್, ಇನ್ನೂ ಏನೇನೋ ಆಟಗಳ ಬಣ್ಣಬಣ್ಣದ ಗೆರೆ. ಮನಿಲಾದಲ್ಲಿ ಜಾತ್ರೆಯಷ್ಟು ಜನರ ಎದುರು ಆಡಿದವನು ಇಲ್ಲಿ ಪಂದ್ಯಕ್ಕೆ ಮುಂಚೆ ತಾನೇ ಕುರ್ಚಿ ಜೋಡಿಸುತ್ತಿದ್ದ. ನೋಡಲು ಬಂದವರಲ್ಲಿ ಮುಕ್ಕಾಲು ಪಾಲು ನಮ್ಮ ಆಸ್ಪತ್ರೆಯವರು. ಅವರು ತಂದಿದ್ದ ದೊಡ್ಡ ಡಬ್ಬಿಗಳಲ್ಲಿ ಸಣ್ಣ ಎಳೆಯ ನೂಡಲ್ಸ್ ಇತ್ತು. ನಮ್ಮ ಶಾವಿಗೆ ಬಾತಿಗೆ ಅದು ದಾಯಾದಿ. ನನಗೂ ಒಂದು ತಟ್ಟೆ ಬಂತು.

ಆಟ ಶುರುವಾದ ಮೇಲೆ ತಟ್ಟೆ ತೊಡೆಯ ಮೇಲೆಯೇ ಆರಿತು. ಆತ ಓಡುತ್ತಿರಲಿಲ್ಲ, ಜೋರಾಗಿ ನಡೆಯುತ್ತಿದ್ದ ಎನ್ನಬೇಕು. ಎದುರಾಳಿಗಳು ಆತನಿಗಿಂತ ಒಂದು ತಲೆ ಎತ್ತರ. ಆದರೂ ಅವರು ಎಲ್ಲಿ ನಿಲ್ಲಬೇಕೆಂದು ಆತನೇ ಗೊತ್ತುಮಾಡುತ್ತಿದ್ದಂತೆ ಕಾಣುತ್ತಿತ್ತು. ಕಣ್ಣಿನಿಂದ ಎಡಕ್ಕೆ ಕಳಿಸಿ, ಭುಜದಿಂದ ಹಿಂದಕ್ಕೆ ಕಳಿಸಿ, ಅವರು ಬಿಟ್ಟುಹೋದ ಜಾಗದಲ್ಲಿ ಚೆಂಡನ್ನು ಇಡುತ್ತಿದ್ದ. ಆ ಜಾಗಕ್ಕೆ ತನ್ನ ಹುಡುಗರು ಬರುತ್ತಾರೆಂದು ಆತನಿಗೆ ಗೊತ್ತು, ಹುಡುಗರಿಗೆ ಇನ್ನೂ ಗೊತ್ತಿಲ್ಲ. ಒಮ್ಮೆಯಂತೂ ನಾನು ಎದ್ದು ನಿಂತು ಮಂಡ್ಯದ ಕನ್ನಡದಲ್ಲಿ ಕೂಗಿದೆನಂತೆ, ಮಗಳು ನನ್ನ ಕೋಟು ಜಗ್ಗಿ "ಮಮ್ಮಿ, ಸಿಟ್ ಡೌನ್" ಎಂದಳು. ನನಗೆ ನೆನಪಿಲ್ಲ. ನಾನೂ ಆಡಿದ್ದೇನೆ ಎಂದುಕೊಂಡಿದ್ದೆನಲ್ಲ, ನಾನು ಚೆಂಡನ್ನು ಮುಟ್ಟಿದ್ದೆ, ಅಷ್ಟೆ.

ಇನ್ನೊಂದು ವಿಚಿತ್ರವೆಂದರೆ, ಆಸ್ಪತ್ರೆಯ ಕಾರಿಡಾರಿನಲ್ಲಿ ಬಾಯಿ ಬಿಡದ ಈ ಮನುಷ್ಯ ಕೋರ್ಟಿನಲ್ಲಿ ಒಂದು ಕ್ಷಣವೂ ಸುಮ್ಮನಿರುತ್ತಿರಲಿಲ್ಲ. ಎಡಕ್ಕೆ ಬಾ, ನಿಲ್ಲು, ಈಗ ಹೋಗು, ಪರವಾಗಿಲ್ಲ ಮತ್ತೆ ಹಾಕು: ಎತ್ತರದ, ಎಳೆಯ ಇಂಗ್ಲಿಷ್ ಹುಡುಗರನ್ನು ಆ ದನಿಯಿಂದಲೇ ಹಿಡಿದು ನಡೆಸುತ್ತಿದ್ದ. ಗದರಿಸುತ್ತಿದ್ದ, ರಮಿಸುತ್ತಿದ್ದ, ತಮಾಷೆಯನ್ನೂ ಮಾಡುತ್ತಿದ್ದ.

ಅಂದು ಗೆದ್ದರು. ನಾನು ಸುತ್ತ ನೋಡಿದೆ. ಆಸ್ಪತ್ರೆಯವರೆಲ್ಲ ಇದ್ದರು, ಹೆಂಡತಿ ಇರಲಿಲ್ಲ. ಡ್ಯೂಟಿ ಇರಬೇಕು ಎಂದುಕೊಂಡೆ. ಮುಂದಿನ ಪಂದ್ಯಕ್ಕೂ ಇರಲಿಲ್ಲ, ಅದರ ಮುಂದಿನದಕ್ಕೂ. ವಿಚಾರಿಸಿದಾಗ ಒಬ್ಬ ನರ್ಸ್ ಮೆಲ್ಲಗೆ ಹೇಳಿದಳು: ಅವಳು ಆತನ ಒಂದು ಪಂದ್ಯವನ್ನೂ ಕಣ್ಣೆದುರು ನೋಡಿದವಳಲ್ಲ. ಮದುವೆಯಾದ ಹೊಸದರಲ್ಲೇ ಅವಳು ಸೌದಿಯ ಆಸ್ಪತ್ರೆಗೆ ಹೋದಳು, ಅಲ್ಲಿಂದ ಇಲ್ಲಿಗೆ. ಆತನ ಆಟದ ಬದುಕೆಲ್ಲ ಅವಳು ಸಮುದ್ರದ ಈಚೆ ಇದ್ದಾಗಲೇ ನಡೆದುಹೋಯಿತು. ಮಕ್ಕಳೂ ಆಗಲಿಲ್ಲ. ಈಗ ಗಂಡ ಒಂದೇ ಊರಿನಲ್ಲಿ, ಬಸ್ಸಿನಲ್ಲಿ ಹೋಗುವಷ್ಟು ದೂರದಲ್ಲಿ ಆಡುತ್ತಿದ್ದಾನೆ, ಇದು ಆತನ ಕೊನೆಯ ಸೀಸನ್ ಎಂದು ಆತನೇ ಹೇಳಿದ್ದಾನೆ.

ಇಂಥ ಆಟವನ್ನು ಊರೆಲ್ಲ ನೋಡಿ ಹೆಂಡತಿ ನೋಡದೆ ಹೋಗುವುದೆ? ಇದೆಲ್ಲ ರೋಟಾದ, ಅಂದರೆ ಡ್ಯೂಟಿ ಪಟ್ಟಿಯ, ಕಿತಾಪತಿ ಎಂದು ತೀರ್ಮಾನಿಸಿದೆ. ನಮ್ಮ ಆಸ್ಪತ್ರೆಯಲ್ಲಿ ಜಗಳ, ಸ್ನೇಹ, ಮದುವೆ, ಮುನಿಸು ಎಲ್ಲವೂ ರೋಟಾದಿಂದಲೇ ಆಗುತ್ತಿದ್ದವು, ಇದೂ ಹಾಗೇ ಇರಬೇಕು. ಮನೆಯಲ್ಲಿ ಹೇಳಿದೆ.

"ಊರ ಉಸಾಬರಿ ನಿನಗ್ಯಾಕೆ? ಅವರವರ ರೋಟಾ ಅವರವರು ನೋಡ್ಕೋತಾರೆ," ಎಂದರು ನನ್ನ ಗಂಡ.

"ಅವಳು ಬಾಯಿ ಬಿಟ್ಟು ಕೇಳೋಳಲ್ಲ ರೀ. ಯಾರಾದ್ರೂ ಕೇಳ್ಬೇಕಲ್ಲ."

ನಾನೇ ಕೇಳಿದೆ. ಥಿಯೇಟರಿನ ಹಿರಿಯ ಸಿಸ್ಟರ್ ರೋಟಾ ಮಾಡುವವಳು, ಅಲ್ಲಿನ ಯಾರ್ಕ್‌ಷೈರ್ ಸೀಮೆಯ ಗಟ್ಟಿ ಹೆಂಗಸು. ನಮ್ಮೂರಲ್ಲೇ ನಡೆಯುವ ಸೀಸನ್ನಿನ ಕೊನೆಯ ಪಂದ್ಯದ ಶನಿವಾರ ಆ ನರ್ಸನ್ನು ಡ್ಯೂಟಿಯಿಂದ ಬಿಡಿಸಿಕೊಡಿ, ಬದಲಿಗೆ ಬರಲು ಒಬ್ಬ ಮಲಯಾಳಿ ನರ್ಸನ್ನು ಒಪ್ಪಿಸಿದ್ದೇನೆ ಎಂದೆ. ಸಿಸ್ಟರ್ ಒಂದು ಬಗೆಯಾಗಿ ನನ್ನನ್ನು ನೋಡಿ, ಸರಿ ಎಂದಳು.

ನರ್ಸಿಗೆ ನಾನೇ ಸಿಹಿಸುದ್ದಿ ಕೊಡೋಣವೆಂದು ರಿಕವರಿಗೆ ಹೋದೆ. ಅವಳು ಮಂಪರಿನಲ್ಲಿದ್ದ ಮುದುಕರೊಬ್ಬರ ತಲೆಯ ಬಳಿ ನಿಂತಿದ್ದಳು. ನನ್ನ ಮಾತು ಕೇಳಿ ಅವಳ ಮುಖ ಬಿಳಿಚಿಕೊಂಡಿತು.

"ಯಾಕೆ ಹೀಗ್ ಮಾಡಿದ್ರಿ, ಡಾಕ್? ಆ ಡ್ಯೂಟಿ ನಾನೇ ಕೇಳಿ ಹಾಕಿಸ್ಕೊಂಡಿದ್ದು."

ಪ್ರತಿ ಪಂದ್ಯದ ದಿನವೂ ಅವಳೇ ಕೇಳಿ ಡ್ಯೂಟಿ ಹಾಕಿಸಿಕೊಳ್ಳುತ್ತಿದ್ದಳು. ಆ ಸಿಸ್ಟರಿಗೆ ಅದು ಗೊತ್ತಿತ್ತು, ಕಾರಣ ಗೊತ್ತಿರಲಿಲ್ಲ. ಮುದುಕರು ಕಣ್ಣು ಬಿಡುವ ತನಕ ಅವಳು ತಗ್ಗಿದ ದನಿಯಲ್ಲಿ ನನಗೆ ಕಾರಣ ಹೇಳಿದಳು. ಸೌದಿಯಲ್ಲಿ ನರ್ಸುಗಳ ಹಾಸ್ಟೆಲಿನಲ್ಲಿ ಅವರ ದೇಶದ ಚಾನೆಲ್ ಬರುತ್ತಿತ್ತು. ಆತನ ಮೊದಲ ಪಂದ್ಯವನ್ನು ಗೆಳತಿಯರ ನಡುವೆ ಕೂತು ನೋಡಿದಳು, ಸೋತರು. ಎರಡನೆಯದನ್ನು ನೋಡಿದಳು, ಸೋತರು. ಮೂರನೆಯ ದಿನ ಡ್ಯೂಟಿ ಬಿತ್ತು, ಗೆದ್ದರು. ಆಮೇಲೆ ಅವಳು ನೋಡುವುದನ್ನು ಬಿಟ್ಟಳು, ಆತನ ಹೆಸರು ಏರತೊಡಗಿತು. ಚಾಂಪಿಯನ್‌ಷಿಪ್ಪಿನ ಕೊನೆಯ ಪಂದ್ಯದ ದಿನ ಗೆಳತಿಯರು ಬಿಡಲಿಲ್ಲ, ಇಂಥ ದಿನವೂ ನೋಡದಿದ್ದರೆ ಹೇಗೆ ಎಂದು ಎಳೆದುಕೊಂಡು ಹೋಗಿ ಟೀವಿ ಮುಂದೆ ಕೂರಿಸಿದರು. ಅವಳು ಕೂತ ಸ್ವಲ್ಪ ಹೊತ್ತಿಗೇ ಆತ ಮೊಣಕಾಲು ಹಿಡಿದುಕೊಂಡು ಬಿದ್ದ.

"ನಾನು ನರ್ಸು, ಡಾಕ್. ಲಿಗಮೆಂಟ್ ಹೇಗೆ ಹರಿಯುತ್ತೆ ಅಂತ ನನಗೆ ಗೊತ್ತು. ಆದ್ರೂ ನಾನು ಕೂತೆ, ಅವರು ಬಿದ್ರು."

ನಮ್ಮ ಮನೆಯ ಕತೆ ನಾಲಿಗೆಯ ತುದಿಗೆ ಬಂತು. ಕ್ರಿಕೆಟ್ ನೋಡುವಾಗ ನಮ್ಮಪ್ಪ ಬಚ್ಚಲಿಗೆ ಹೋದಾಗ ಸಿಕ್ಸರ್ ಬಿತ್ತೆಂದು, ಆಟ ಮುಗಿಯುವ ತನಕ ನಾವು ಮಕ್ಕಳು ಅವರನ್ನು ಬಚ್ಚಲಿನಿಂದ ಹೊರಗೇ ಬಿಟ್ಟಿರಲಿಲ್ಲ. ಅಪ್ಪ ಪಾಪ, ಒಳಗಿಂದಲೇ ಸ್ಕೋರ್ ಕೇಳುತ್ತಿದ್ದರು. ಇದನ್ನು ಹೇಳಿದರೆ ಅವಳೂ ನಗಬಹುದೆಂದು ಹೇಳಿದೆ. ಅವಳು ನಗಲಿಲ್ಲ. ನಿಮ್ಮಪ್ಪ ಅದೆಷ್ಟು ಹೊತ್ತು ಒಳಗಿದ್ದರು ಎಂದು ಕೇಳಿದಳು. ಹದಿಮೂರು ಹದಿನಾಲ್ಕು ವರ್ಷದಿಂದ ಬಾಗಿಲಾಚೆ ನಿಂತಿರುವವಳು ಅವಳು.

ನೋಡುವ ಆಸೆಯಿಲ್ಲವೇ ಎಂದು ಕೇಳಿದೆ.

"ಆಸೆ ಇಲ್ದೆ ಇರುತ್ತಾ?" ಎಂದಳು. "ಆದ್ರೆ ಈ ಪಂದ್ಯ ಗೆದ್ರೆ ಹುಡುಗರು ಪ್ಲೇ-ಆಫ್‌ಗೆ ಹೋಗ್ತಾರೆ. ಅವರ ಕಾಲು, ಆ ಹುಡುಗರ ಸೀಸನ್ನು. ನನ್ನ ಕಣ್ಣಿನ ಆಸೆಗೆ ಅಷ್ಟೆಲ್ಲ ಪಣಕ್ಕಿಡೋಕೆ ಆಗಲ್ಲ."

ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಆ ವಾರವೇ, ಸ್ಕೂಲಿನಲ್ಲಿ ಚೆಂಡುಗಳನ್ನು ಬಲೆಯ ಚೀಲಕ್ಕೆ ತುಂಬುತ್ತಿದ್ದ ಆತನ ಬಳಿ ಹೋಗಿ, ನಿಮ್ಮ ಹೆಂಡತಿ ನಿಮ್ಮ ಆಟ ನೋಡಲು ಯಾಕೆ ಬರುವುದಿಲ್ಲವೆಂದು ನಿಮಗೆ ಗೊತ್ತೇ ಎಂದು ನೇರವಾಗಿ ಕೇಳಿದೆ. ಆತ ಚೀಲದ ಬಾಯಿ ಕಟ್ಟಿದ, ಬಿಚ್ಚಿದ, ಮತ್ತೆ ಕಟ್ಟಿದ.

"ಸಿಟ್ಟು," ಎಂದ. "ಇರಬೇಕಾದ್ದೇ. ಮನೆ ನಡೆಸಿದ್ದು ಅವಳು, ಪರದೇಶದಲ್ಲಿ ಹೆಣ ತೊಳೆದು, ಗಾಯ ತೊಳೆದು. ನಾನು ಚೆಂಡು ಆಡ್ಕೊಂಡಿದ್ದೆ. ಬಾ ಅಂತ ಯಾವ ಬಾಯಲ್ಲಿ ಕರೀಲಿ?"

ಅವಳು ನನಗೆ ಹೇಳಿದ್ದನ್ನು ಹೇಳಿದೆ. ಆತ ನಂಬದವನಂತೆ ನನ್ನ ಮುಖವನ್ನೇ ನೋಡುತ್ತಿದ್ದ. ಇಬ್ಬರೂ ಒಂದೇ ಮನೆಯಲ್ಲಿ, ಒಂದೇ ಹೀಟರಿನ ಮುಂದೆ ಕೂತು, ಒಬ್ಬರು ಇನ್ನೊಬ್ಬರ ಸಲುವಾಗಿ ಈ ಒಂದು ವಿಷಯವನ್ನು ಬಾಯಿಗೆ ತರದೆ ವರ್ಷಗಳನ್ನು ಕಳೆದಿದ್ದರು. ಕೊನೆಗೆ ಆತ ತನ್ನ ಮೊಣಕಾಲಿನ ಪಟ್ಟಿಯನ್ನು ಮುಟ್ಟಿ ಹೇಳಿದ: "ನಾನು ಹಾರಿ ಇಳಿದಿದ್ದು ಇನ್ನೊಬ್ಬನ ಪಾದದ ಮೇಲೆ, ಡಾಕ್. ಅವನ ಪಾದ. ಅವಳಿಗೆ ಇಷ್ಟು ಹೇಳೋಕೆ ನನಗೆ ಗೊತ್ತೇ ಆಗಲಿಲ್ವಲ್ಲ."

ಆತ ಮನೆಗೆ ಹೋಗಿ ಹೇಳಿದನೆಂದೂ, ಬಾ ಎಂದು ಕರೆದನೆಂದೂ ಅವಳೇ ಆಮೇಲೆ ತಿಳಿಸಿದಳು. ಅವಳು ಬಹಳ ಅತ್ತಳಂತೆ. ಆದರೆ ಬರುವುದಿಲ್ಲ ಎಂದೇ ಹೇಳಿದಳಂತೆ. ಸಿಟ್ಟಿಲ್ಲವೆಂದು ಆತನಿಗೆ ತಿಳಿದದ್ದೇ ಸಾಕು, ಪಂದ್ಯ ಕೆಡುವುದು ಬೇಡ. ಅಷ್ಟು ವರ್ಷದ ನಂಬಿಕೆ ಒಂದು ಮಾತಿಗೆ ಬಿದ್ದುಹೋಗುವುದಿಲ್ಲ. ನಾನು ವಾದ ಮಾಡಲು ಹೋಗಲಿಲ್ಲ. ಭಾರತ ಆಡುವಾಗ ಈಗಲೂ ನಾನು ಸೋಫಾದ ಎಡ ಮೂಲೆ ಬಿಟ್ಟು ಏಳುವವಳಲ್ಲ.

ಆ ಶನಿವಾರ ಲೀಷರ್ ಸೆಂಟರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೊವೆಂಟ್ರಿಯಿಂದ, ಮ್ಯಾಂಚೆಸ್ಟರಿನಿಂದ ಫಿಲಿಪಿನೋ ಕುಟುಂಬಗಳು ವ್ಯಾನು ಮಾಡಿಕೊಂಡು ಬಂದಿದ್ದವು. ನನ್ನ ಗಂಡನೂ, ಕ್ರಿಕೆಟ್ ಇನ್ನೂ ಶುರುವಾಗಿರಲಿಲ್ಲವಾದ್ದರಿಂದ, ಬಂದರು. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಮಗಳಿಗೆ ನೀರು ತರಲು ಹೊರಗೆ ಹೋದೆ. ಕಾರಿಡಾರಿನಲ್ಲಿ, ತಿಂಡಿ ಮಾರುವ ಯಂತ್ರದ ಪಕ್ಕ, ಬಾಗಿಲ ಗಾಜಿಗೆ ಬೆನ್ನು ಮಾಡಿಕೊಂಡು ಅವಳು ನಿಂತಿದ್ದಳು. ಕೆಲಸವಿಲ್ಲದ ದಿನ ಮನೆಯಲ್ಲಿ ಇರಲಾರದೆ ಬಸ್ಸು ಹತ್ತಿ ಬಂದುಬಿಟ್ಟಿದ್ದಳು. ಒಳಗೆ ಬರಲಿಲ್ಲ.

"ಮೊಣಕಾಲು ಹೇಗಿದೆ?" ಎಂದಳು.

"ಚೆನ್ನಾಗಿದೆ. ಮುಂದಿದ್ದಾರೆ ನಿಮ್ಮೋರು."

ಬಾಗಿಲು ತೆರೆದಾಗಲೆಲ್ಲ ಆತನ ದನಿ ಹೊರಗೆ ಬರುತ್ತಿತ್ತು. ಯಾರದು ಕೂಗುತ್ತಿರುವುದು ಎಂದು ಅವಳು ಕೇಳಿದಳು. ನನಗೆ ಮೊದಲು ಅರ್ಥವಾಗಲಿಲ್ಲ. ಟೀವಿಯಲ್ಲಿ ಕಾಮೆಂಟರಿಯ ಗದ್ದಲ, ಮನೆಯಲ್ಲಿ ಮೌನ. ಕೋರ್ಟಿನ ಮೇಲಿನ ಗಂಡನ ದನಿಯನ್ನು ಅವಳು ಎಂದೂ ಕೇಳಿಯೇ ಇರಲಿಲ್ಲ.

"ಅದು ನಿಮ್ಮ ಮನೆಯವರೇ," ಎಂದೆ.

ಅವಳು ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಕಿವಿಯನ್ನು ಮಾತ್ರ ಬಾಗಿಲಿಗೆ ಕೊಟ್ಟಳು. ನಾನು ಬಾಗಿಲಿಗೆ ಒಂದು ಕುರ್ಚಿ ಅಡ್ಡ ಇಟ್ಟು, ಅದು ಮುಚ್ಚದಂತೆ ಮಾಡಿ ಒಳಗೆ ಹೋದೆ.

ಕೊನೆಯ ಭಾಗದಲ್ಲಿ ಆತ ಬಿದ್ದ. ಎದುರಾಳಿಯೊಬ್ಬನ ಭುಜ ತಾಗಿ, ಬಲ ಮಗ್ಗುಲಿಗೆ. ಇಡೀ ಹಾಲು ಗಪ್ಪಾಯಿತು. ಆ ನಿಶ್ಶಬ್ದ ಅವಳಿಗೆ ಕೇಳಿಸಿರಬೇಕು. ಕುರ್ಚಿ ಉರುಳಿದ ಸದ್ದಾಯಿತು, ಅವಳು ಓಡಿ ಬಂದಳು. ನೇರವಾಗಿ ಕೋರ್ಟಿನ ಮೇಲೆ, ಬಣ್ಣಬಣ್ಣದ ಗೆರೆಗಳನ್ನೆಲ್ಲ ದಾಟಿ. ಆತನ ಪಕ್ಕ ಮಂಡಿಯೂರಿ ಕೂತು, ಪಟ್ಟಿ ಸರಿಸಿ, ನುರಿತ ಎರಡು ಕೈಗಳಿಂದ ಮೊಣಕಾಲನ್ನು ಹಿಡಿದು ನೋಡಿದಳು. ಆತನಿಗೆ ಏನೂ ಆಗಿರಲಿಲ್ಲ. ಆತ ನಗುತ್ತಿದ್ದ. ರೆಫರಿ ಓಡಿ ಬಂದು, ಅಮ್ಮಾ ತಾವು ಹೊರಗೆ ನಡೆಯಿರಿ ಎಂದಾಗಲೇ ತಾನು ಎಲ್ಲಿದ್ದೇನೆಂದು ಅವಳಿಗೆ ಅರಿವಾದದ್ದು. ಆತ ಎದ್ದು ನಿಂತು, ನನ್ನ ಪಕ್ಕದ ಜಾಗವನ್ನು ಬೆರಳಿನಿಂದ ತೋರಿಸಿ ಒಂದೇ ಪದ ಹೇಳಿದ, ಕೂತ್ಕೋ ಎಂದಿರಬೇಕು. ಅವಳು ಬಂದು ಕೂತಳು. ನನ್ನ ಗಂಡ ಆಗಲೇ ಎದ್ದು ಜಾಗ ಬಿಟ್ಟುಕೊಟ್ಟಿದ್ದರು.

ಅವಳು ಕೂತಾಗ ನಮ್ಮವರು ಮುಂದಿದ್ದರು. ಎದುರಾಳಿಗಳು ಒಂದು ಹಾಕಿದರು, ಮತ್ತೊಂದು ಹಾಕಿದರು. ಅವಳ ಉಗುರುಗಳು ನನ್ನ ಅಂಗೈಗೆ ನಾಟಿದವು. ನೋಡಿದ್ರಾ ಡಾಕ್, ನೋಡಿದ್ರಾ ಎಂದು ಗುನುಗುತ್ತಿದ್ದಳು. ಏಳಲು ಹೋದಳು. ನಾನು ಭುಜ ಹಿಡಿದು ಕೂರಿಸಿದೆ. ಇವಳು ಹೇಳಿದ್ದೇ ನಿಜವಾಗಿಬಿಟ್ಟರೆ ಈ ಪಾಪ ನನ್ನ ತಲೆಗೆ ಎಂದುಕೊಂಡೆ. ಆದರೆ ಅವಳ ಕಣ್ಣು ಕೋರ್ಟು ಬಿಟ್ಟು ಕದಲಲಿಲ್ಲ. ಹೆದರಿಕೆಯ ನಡುವೆಯೂ ಅವಳ ಬಾಯಿ ತುಸು ತೆರೆದಿತ್ತು, ಮೊದಲ ಸಲ ಸಮುದ್ರ ನೋಡಿದ ನಮ್ಮೂರ ಕಡೆಯವರ ಹಾಗೆ.

ಕೊನೆಗೆ ಒಂದು ಅಂಕ ಹಿಂದೆ, ಕೆಲವೇ ಸೆಕೆಂಡು, ಚೆಂಡು ಆತನ ಕೈಯಲ್ಲಿ. ಆತನೇ ಹಾಕುತ್ತಾನೆಂದು ಎಲ್ಲರಿಗೂ ಗೊತ್ತು. ರಿಂಗಿನತ್ತ ನುಗ್ಗಿದ, ಇಬ್ಬರು ದೈತ್ಯರು ಮೇಲೆ ಬಿದ್ದರು. ಆತ ಎಡ ಮೂಲೆಯತ್ತ ಕತ್ತು ತಿರುಗಿಸಿ, ಅಲ್ಲಿ ಯಾರನ್ನೋ ಕೂಗಿದ. ಹಾಲಿನಲ್ಲಿದ್ದವರೆಲ್ಲ ಎಡಕ್ಕೆ ನೋಡಿದೆವು. ಅಷ್ಟರಲ್ಲಿ ಚೆಂಡು ಆತನ ಬೆನ್ನ ಹಿಂದಿನಿಂದ ಬಲಕ್ಕೆ ಹೋಗಿಯಾಗಿತ್ತು. ರಿಂಗಿನ ಬುಡದಲ್ಲಿ, ತಂಡದ ಅತ್ಯಂತ ಎಳೆಯ ಆಟಗಾರನ ಎರಡೂ ಕೈಯಲ್ಲಿ. ಅವನ ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ. ಅಷ್ಟು ಜನರ ಕಣ್ಣು ಕಟ್ಟಿ, ಅಷ್ಟು ಎತ್ತರದವರ ನಡುವೆ, ಅಷ್ಟು ಬಯಲನ್ನು ಒಬ್ಬ ಕುಳ್ಳ ಮನುಷ್ಯ ಎಲ್ಲಿಂದ ತಂದ ಎಂದು ನನಗೆ ಇವತ್ತಿಗೂ ತಿಳಿದಿಲ್ಲ. ನನ್ನ ಕಣ್ಣಲ್ಲಿ ನೀರು ಬಂದಿತ್ತು.

ಎಳೆಯ ಆಟಗಾರ ಹಾಕಿದ. ಚೆಂಡು ರಿಂಗಿನ ಅಂಚಿನ ಮೇಲೆ ಸುತ್ತಿ, ಹೊರಗೆ ಬಿತ್ತು. ಆಟ ಮುಗಿದ ಹಾರ್ನ್ ಆಯಿತು.

ಸೀಸನ್ ಮುಗಿಯಿತು, ಆತನ ಆಟವೂ ಮುಗಿಯಿತು. ಅವಳು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. "ನಾನು ಹೇಳಿದ್ದೆ, ಡಾಕ್. ನಾನು ಹೇಳಿದ್ದೆ."

ಆತ ಮೊದಲು ನೆಲದ ಮೇಲೆ ಕೂತಿದ್ದ ಎಳೆಯ ಆಟಗಾರನ ಬಳಿ ಹೋಗಿ, ಅವನ ತಲೆಯನ್ನು ಎದೆಗೊತ್ತಿಕೊಂಡು ಕಿವಿಯಲ್ಲಿ ಏನೋ ಹೇಳಿದ. ಎದುರಾಳಿಗಳ ಕೈ ಕುಲುಕಿದ. ಆಮೇಲೆ ಬೆವರು ಸುರಿಸುತ್ತ ನಮ್ಮ ಕಡೆ ಬಂದ. ಅವಳು ತಲೆ ಎತ್ತಲಿಲ್ಲ. ಆತ ಅವಳ ಮುಂದೆ ನಿಂತು ತಮ್ಮ ಭಾಷೆಯಲ್ಲಿ ಒಂದು ಪ್ರಶ್ನೆ ಕೇಳಿದ. ಅದು ಏನೆಂದು ಸೋಮವಾರ ಅವಳೇ ನನಗೆ ಹೇಳಿದಳು. ಸೋತದ್ದರ ಬಗ್ಗೆ ಅಲ್ಲ, ಮೊಣಕಾಲಿನ ಬಗ್ಗೆ ಅಲ್ಲ. "ಆ ಪಾಸ್ ನೋಡಿದ್ಯಾ?" ಎಂದು ಕೇಳಿದ್ದ.

ಅವಳು ಬಾಯಿಯಿಂದ ಕೈ ತೆಗೆದಳು. ನೋಡಿದೆ ಎಂದು ತಲೆ ಆಡಿಸಿದಳು. ಆಮೇಲೆ ಎದ್ದು ನಿಂತು 'ನೀನು ಹೀಗೆ ಬಂದೆ' ಎಂಬಂತೆ ಭುಜ ಬಗ್ಗಿಸಿದಳು, ಎಡಕ್ಕೆ ಕತ್ತು ತಿರುಗಿಸಿದಳು, ಬಲಗೈಯನ್ನು ಬೆನ್ನ ಹಿಂದೆ ಒಯ್ದು ಬೆರಳು ಬಿಡಿಸಿದಳು. ಕಣ್ಣೀರು ಇಳಿಯುತ್ತಲೇ ಇತ್ತು, ಮಾತು ನಿಲ್ಲಲಿಲ್ಲ. ಆ ಪಾಸ್ ಕೊಟ್ಟವನು ಆತನೇ. ಆದರೂ ದೂರದ ಊರಿನ ಪಂದ್ಯದ ಸುದ್ದಿ ಕೇಳುವವನಂತೆ, ಸೊಂಟಕ್ಕೆ ಕೈಕೊಟ್ಟು, ಒಂದು ಮಾತೂ ಬಿಡದೆ ಕೇಳುತ್ತ ನಿಂತಿದ್ದ. ಅವಳು ಮುಗಿಸಿದಾಗ ಆತ ಇನ್ನೇನೋ ಕೇಳಿದ. ಅವಳು ಮೂಗು ಒರೆಸಿಕೊಂಡು, ಭುಜ ಬಗ್ಗಿಸಿ, ಮತ್ತೆ ಮೊದಲಿನಿಂದ ಹೇಳತೊಡಗಿದಳು.